ವರ್ತಕಕವಿ ಬನಾರಸೀದಾಸನ ಅಧ್ಯಾತ್ಮಗೀತಗಳು: ಒಂದು ವಿಮರ್ಶೆ

1

ಕ್ರಿ.ಶ. 17ನೆಯ ಶತಮಾನದ ಪೂರ್ವಾರ್ಧದಲ್ಲಿ ಜೌನಪುರ ಮತ್ತು ಆಗ್ರಾ ನಗರಗಳಲ್ಲಿ ರತ್ನ, ಬಟ್ಟೆ ಮೊದಲಾದವುಗಳ ವ್ಯಾಪಾರ ಮಾಡಿ ಬಾಳಿದ ಬನಾರಸೀದಾಸನು ಜೈನ ವಾಙ್ಮಯದ ಅಭ್ಯಾಸಿಗಳಿಗೆ ಎರಡು ಕೃತಿಗಳ ಮೂಲಕ ಪರಿಚಿತನಾಗಿದ್ದಾನೆ. ಮೊದಲನೆಯದು, ಕುಂದಕುಂದಾಚಾರ್ಯರ ಸಮಯಸಾರಕ್ಕೆ ಅಮೃತಚಂದ್ರಸೂರಿಗಳು ರಚಿಸಿದ ಕಲಶಪದ್ಯಗಳನ್ನೂ ರಾಜಮಲ್ಲನ ಬಾಲಬೋಧ ಟೀಕೆಯನ್ನೂ ಅನುಸರಿಸಿ ವಿ.ಸಂ. 1693ರಲ್ಲಿ (ಕ್ರಿ.ಶ. 1636) ದೇಶಭಾಷೆಯಲ್ಲಿ ರಚಿತವಾದ ಸಮಯಸಾರನಾಟಕ. ಎರಡನೆಯದು, ವಿ.ಸಂ. 1698ರ ಮಾರ್ಗಶಿರದಲ್ಲಿ (ಕ್ರಿ.ಶ. 1641) ಮುಗಿದ, 675 ಪದ್ಯಗಳ ಆತ್ಮವೃತ್ತಾಂತವಾದ ಅರ್ಧಕಥಾನಕ. ಒಂದನ್ನು ಪಂಡಿತರು ಅಧ್ಯಾತ್ಮಗ್ರಂಥವೆಂದು ಓದಿದರು; ಇನ್ನೊಂದನ್ನು ಇತಿಹಾಸಕಾರರು ಮೊಗಲರ ಕಾಲದ ವ್ಯಾಪಾರಜೀವನದ ಆಕರವೆಂದು ಓದಿದರು. ಇವೆರಡರ ನಡುವೆ ನಿಂತಿರುವ ಅವನ ಗೀತಗಳಿಗೆ ಮಾತ್ರ ತಕ್ಕ ವಿಮರ್ಶೆ ದೊರೆತಂತೆ ತೋರುವುದಿಲ್ಲ. ಹಾಡಿಕೊಳ್ಳುವವರು ಹಾಡಿಕೊಂಡರು, ವಿರೋಧಿಸುವವರು ವಿರೋಧಿಸಿದರು, ಅಷ್ಟೆ.

ಈ ಗೀತಗಳ ವಿಷಯದಲ್ಲಿ ಕವಿಯೇ ನಮ್ಮ ಮುಂದೆ ಒಂದು ಸಮಸ್ಯೆಯನ್ನು ಇರಿಸಿ ಹೋಗಿದ್ದಾನೆ. ತಾರುಣ್ಯದಲ್ಲಿ ತಾನೇ ರಚಿಸಿದ ಒಂದು ಗ್ರಂಥದ ಪ್ರತಿಯನ್ನು ಅವನು ತನ್ನ ಕೈಯಿಂದಲೇ ಗೋಮತೀ ನದಿಗೆ ಎಸೆದನು. ನಡುವಯಸ್ಸಿನಲ್ಲಿ, ತಾನು ಮಾರ್ಗಭ್ರಷ್ಟನಾಗಿದ್ದೆನೆಂದು ಅವನೇ ಒಪ್ಪಿಕೊಂಡಿರುವ ಹನ್ನೆರಡು ವರ್ಷಗಳಲ್ಲಿ, ಅನೇಕ ಗೀತಗಳನ್ನು ರಚಿಸಿದನು. ಇವನ್ನು ಮಾತ್ರ ನದಿಗೆ ಎಸೆಯಲಿಲ್ಲ. ಅಷ್ಟೇ ಅಲ್ಲದೆ, ಆ ಕಾಲದ ತನ್ನ ಕವಿತೆಯೆಲ್ಲವೂ ಸ್ಯಾದ್ವಾದಕ್ಕೆ ಸಮ್ಮತವಾದುದೆಂದು ಅರ್ಧಕಥಾನಕದಲ್ಲಿ ನಿಸ್ಸಂಕೋಚವಾಗಿ ಹೇಳಿಕೊಂಡಿದ್ದಾನೆ. ನಡತೆ ಕೆಟ್ಟಿತ್ತು, ನುಡಿ ಕೆಡಲಿಲ್ಲ ಎಂಬ ಈ ಹೇಳಿಕೆಯನ್ನು ನಾವು ಒಪ್ಪಬಹುದೇ? ಒಪ್ಪುವುದಾದರೆ ಯಾವ ಆಧಾರದಿಂದ? ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಜೀವನದ ಮುಖ್ಯಾಂಶಗಳನ್ನು ನೋಡಬಹುದು. ಬನಾರಸಿಯು ಶ್ರೀಮಾಲ ಜಾತಿಯ ಬಿಹೋಲಿಯಾ ಗೋತ್ರದವನು. ಅಜ್ಜ ಮೂಲದಾಸನು ಮಾಳವದ ನರವರದಲ್ಲಿ ಒಬ್ಬ ಮೊಗಲ ಅಧಿಕಾರಿಯ ಮೋದಿಯಾಗಿದ್ದನು. ತಂದೆ ಖರಗಸೇನನು ಜೌನಪುರದಲ್ಲಿ ರತ್ನದ ವ್ಯಾಪಾರಿ. ಕವಿಯ ಜನನ ವಿ.ಸಂ. 1643ರ ಮಾಘಮಾಸದಲ್ಲಿ. ಇದನ್ನು ಸಾಮಾನ್ಯವಾಗಿ ಕ್ರಿ.ಶ. 1586 ಎಂದು ಬರೆಯುವುದುಂಟಾದರೂ, ಮಾಘವು ಆ ಸಂವತ್ಸರದ ಕೊನೆಯಲ್ಲಿ ಬರುವುದರಿಂದ ಕ್ರಿ.ಶ. 1587ರ ಆರಂಭವೆನ್ನುವುದೇ ಸರಿ. ಹುಟ್ಟಿದಾಗ ಇಟ್ಟ ಹೆಸರು ವಿಕ್ರಮಾಜೀತ. ಪಾರ್ಶ್ವನಾಥ ತೀರ್ಥಂಕರರ ಜನ್ಮಸ್ಥಳವಾದ ವಾರಾಣಸಿಗೆ ಕುಟುಂಬವು ಯಾತ್ರೆ ಹೋದಾಗ, ಮಗು ಚಿರಾಯುವಾಗಬೇಕಾದರೆ ಆ ಕ್ಷೇತ್ರದ ಹೆಸರನ್ನೇ ಇಡಬೇಕೆಂದು ಅಲ್ಲಿಯ ಪೂಜಾರಿಯು ಹೇಳಿದುದರಿಂದ ಬನಾರಸೀದಾಸ ಎಂಬ ಹೆಸರಾಯಿತು. ಪೂಜಾರಿಯ ಆವೇಶ ಬರಿಯ ನಟನೆಯಾಗಿತ್ತೆಂಬುದನ್ನು ಮುಚ್ಚಿಡದೆ ಹೇಳುವುದು ಈ ಕವಿಯ ಸ್ವಭಾವ.

ಹದಿನಾಲ್ಕನೆಯ ವಯಸ್ಸಿನಲ್ಲಿ ಪಂಡಿತ ದೇವದತ್ತನಲ್ಲಿ ನಾಮಮಾಲೆ, ಅನೇಕಾರ್ಥ, ಜ್ಯೋತಿಷಗಳನ್ನೂ, ಖರತರಗಚ್ಛದ ಭಾನುಚಂದ್ರ ಮುನಿಗಳಲ್ಲಿ ಪ್ರತಿಕ್ರಮಣಾದಿ ಪಾಠಗಳನ್ನೂ ಅಭ್ಯಾಸ ಮಾಡಿದನು. ಅದೇ ಕಾಲದಲ್ಲಿ ಪ್ರಣಯದ ಹುಚ್ಚಿಗೂ ಒಳಗಾದನು, ತಂದೆಯ ರತ್ನಗಳನ್ನು ಕದ್ದನು, ರೋಗಪೀಡಿತನಾದನು. ಒಬ್ಬ ಸಂನ್ಯಾಸಿಯ ಮಾತು ನಂಬಿ, ವರ್ಷವಿಡೀ ಮಂತ್ರ ಜಪಿಸಿದರೆ ದಿನಕ್ಕೊಂದು ಹೊನ್ನು ಬಾಗಿಲಲ್ಲಿ ಸಿಕ್ಕುವುದೆಂದು ಕಾದು ಮೋಸಹೋದನು. ಇವೆಲ್ಲವೂ ಅರ್ಧಕಥಾನಕದಲ್ಲಿ ಅವನೇ ಬರೆದಿಟ್ಟ ಸಂಗತಿಗಳು.

ವ್ಯಾಪಾರದಲ್ಲಿಯೂ ಅವನು ಚತುರನೆನಿಸಲಿಲ್ಲ. ವಿ.ಸಂ. 1667ರಲ್ಲಿ (ಕ್ರಿ.ಶ. 1610) ತಂದೆಯು ರತ್ನಗಳನ್ನೂ, ಇಪ್ಪತ್ತು ಮಣ ತುಪ್ಪವನ್ನೂ, ಎರಡು ಕುಪ್ಪೆ ಎಣ್ಣೆಯನ್ನೂ, ಜೌನಪುರದ ಬಟ್ಟೆಯನ್ನೂ ಕೊಟ್ಟು ಆಗ್ರಾಕ್ಕೆ ಕಳಿಸಿದನು. ದಾರಿಯಲ್ಲಿ ಮಳೆ, ನಗರದಲ್ಲಿ ನಷ್ಟ. ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ ರತ್ನಗಳೂ ಕಳೆದುಹೋದುವು. ಕೈ ಬರಿದಾದ ಮೇಲೆ ಮನೆಯಲ್ಲಿ ಕುಳಿತು ರಾತ್ರಿ ಹೊತ್ತು ಮಧುಮಾಲತಿ, ಮೃಗಾವತಿ ಕಥೆಗಳನ್ನು ಹತ್ತಿಪ್ಪತ್ತು ಮಂದಿಗೆ ಓದಿ ಹೇಳುತ್ತಿದ್ದನು. ಕಚೋರಿ ಮಾರುವವನೊಬ್ಬನು ಆರೇಳು ತಿಂಗಳು ಸಾಲದ ಮೇಲೆ ಆಹಾರ ಕೊಟ್ಟನು. ಮುಂದೆ ಲೆಕ್ಕ ಮಾಡಿದಾಗ ಆ ಸಾಲ ಹದಿನಾಲ್ಕು ರೂಪಾಯಿ ಆಗಿತ್ತು; ಅದನ್ನು ತೀರಿಸಿದನು. ಮೂವತ್ತು ವರ್ಷಗಳ ಮೇಲೂ ಆ ಹದಿನಾಲ್ಕು ರೂಪಾಯಿಯ ಅಂಕಿ ಅವನ ನೆನಪಿನಲ್ಲಿ ಉಳಿದುಬಂದಿದೆ. ಮೂರು ಬಾರಿ ಮದುವೆಯಾಗಿ ಪಡೆದ ಏಳು ಗಂಡು, ಎರಡು ಹೆಣ್ಣು, ಒಟ್ಟು ಒಂಬತ್ತು ಮಕ್ಕಳೂ ತೀರಿಹೋದ ಸಂಗತಿಯನ್ನೂ ಅವನು ಇದೇ ಬಗೆಯ ಸಂಖ್ಯಾನಿಷ್ಠೆಯಿಂದ ದಾಖಲಿಸಿದ್ದಾನೆ. ಶೋಕವನ್ನು ಹಿಗ್ಗಿಸುವುದಿಲ್ಲ, ಲೆಕ್ಕವನ್ನು ತಪ್ಪಿಸುವುದಿಲ್ಲ. ಈ ಗುಣವನ್ನು ಇಲ್ಲಿಯೇ ಗುರುತಿಟ್ಟುಕೊಳ್ಳುವುದು ಅಗತ್ಯ. ಗೀತಗಳ ವಿಚಾರದಲ್ಲಿ ಇದು ಮತ್ತೆ ನಮ್ಮ ನೆರವಿಗೆ ಬರುತ್ತದೆ.

3

ಈಗ ಗೋಮತಿಯ ಪ್ರಸಂಗವನ್ನು ನೋಡೋಣ. ವಿ.ಸಂ. 1662ರಲ್ಲಿ (ಕ್ರಿ.ಶ. 1605) ಅಕಬರನ ಮರಣವಾರ್ತೆ ಜೌನಪುರವನ್ನು ಮುಟ್ಟಿದಾಗ, ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸಿಯು ತತ್ತರಿಸಿ ಉರುಳಿ ಬಿದ್ದು ತಲೆಯೊಡೆದುಕೊಂಡನು. ನಗರದಲ್ಲಿ ಹತ್ತು ದಿನಗಳ ಕಾಲ ಭೀತಿ ವ್ಯಾಪಿಸಿತು. ಜಹಾಂಗೀರನು ಪಟ್ಟವೇರಿದ ಸುದ್ದಿ ಬಂದ ಮೇಲೆ ಶಾಂತವಾಯಿತು. ಆ ಬಳಿಕ ಒಂದು ಸಂಜೆ ಅವನು ಗೆಳೆಯರೊಡನೆ ಗೋಮತಿಯ ಸೇತುವೆಯ ಮೇಲೆ ಕುಳಿತು, ತಾನು ಹಿಂದೆ ನವರಸಗಳನ್ನು ಕುರಿತು ರಚಿಸಿದ್ದ ಸಾವಿರ ಪದ್ಯಗಳ ಗ್ರಂಥವನ್ನು ಓದುತ್ತಿದ್ದವನು, ಓದುತ್ತಿದ್ದಂತೆಯೇ ಹೊತ್ತಗೆಯನ್ನು ನದಿಗೆ ಎಸೆದನು. ಗೆಳೆಯರು ಹಾಹಾಕಾರ ಮಾಡಿದರೂ ಹರಿದುಹೋದ ಹಾಳೆಗಳು ಮರಳಿ ಬರಲಿಲ್ಲ. ಆ ಕೃತಿಯ ಬೇರೆ ಪ್ರತಿ ಉಳಿದಿಲ್ಲ.

ಶೃಂಗಾರಪ್ರಧಾನವಾದುದರಿಂದ ಅವನು ಆ ಕಾವ್ಯವನ್ನು ತ್ಯಜಿಸಿದನೆಂದು ಹೇಳುವುದು ರೂಢಿಯಾಗಿದೆ. ಆದರೆ ಕವಿಯು ಕೊಟ್ಟ ಕಾರಣ ಬೇರೆ. ಒಂದು ಸುಳ್ಳಿಗೇ ನರಕ ಪ್ರಾಪ್ತವಾಗುವುದಾದರೆ, ಕಲ್ಪಿತವಚನಗಳನ್ನೇ ರಾಶಿಯಾಗಿ ಒಟ್ಟಿದ ತನ್ನ ಗತಿ ಏನೆಂಬುದು ಅವನ ಮನಸ್ಸಿಗೆ ಬಂದ ಯೋಚನೆ. ಎಂದರೆ ಆ ಗ್ರಂಥದ ಮೇಲೆ ಅವನು ಹೊರಿಸಿದ ದೋಷವು ಶೃಂಗಾರವಲ್ಲ, ಅಸತ್ಯ. ಶ್ರಾವಕನ ಅಣುವ್ರತಗಳಲ್ಲಿ ಬ್ರಹ್ಮಚರ್ಯಾಣುವ್ರತದ ಅಳತೆಗಿಂತ ಸತ್ಯಾಣುವ್ರತದ ಅಳತೆಯನ್ನು ಅವನು ಇಲ್ಲಿ ಬಳಸಿದ್ದಾನೆ. ವಿಮರ್ಶಕರು ಈ ಭೇದವನ್ನು ಗಮನಿಸದೆ ಹೋದುದರಿಂದ ಮುಂದಿನ ಗೀತಗಳ ಸಮಸ್ಯೆಯೂ ಅಸ್ಪಷ್ಟವಾಗಿಯೇ ಉಳಿಯಿತು. ತನ್ನ ಕೃತಿಯನ್ನು ಉಳಿಸಬೇಕೇ ಬೇಡವೇ ಎಂಬುದಕ್ಕೆ ಬನಾರಸಿಯ ನಿಕಷವು ಸತ್ಯವೆಂಬುದು ಗೋಮತಿಯ ಪ್ರಸಂಗದಿಂದ ಸಿದ್ಧವಾಗುತ್ತದೆ.

4

ವಿ.ಸಂ. 1680ರಲ್ಲಿ (ಕ್ರಿ.ಶ. 1623) ಅರಥಮಲ್ಲ ಢೋರನೆಂಬ ಅಧ್ಯಾತ್ಮಾಸಕ್ತನು ರಾಜಮಲ್ಲನ ಟೀಕೆಯನ್ನು ಬನಾರಸಿಯ ಕೈಗೆ ಕೊಟ್ಟನು. ಅದನ್ನು ಓದಿ ಅವನು ನಿಶ್ಚಯನಯದ ಮಾತುಗಳಿಗೆ ಮರುಳಾದನು; ಆದರೆ ಅದರ ಮರ್ಮವು ತನಗೆ ತಿಳಿಯಲಿಲ್ಲವೆಂದು ಮುಂದೆ ಅವನೇ ಹೇಳಿದ್ದಾನೆ. ಜಪ, ತಪ, ಸಾಮಾಯಿಕ, ಪ್ರತಿಕ್ರಮಣಗಳನ್ನು ತೊರೆದನು. ದೇವರಿಗೆ ಅರ್ಪಿಸಿದ ನೈವೇದ್ಯವನ್ನು ತಿನ್ನಲೂ ಹೇಸಲಿಲ್ಲ. ಚಂದ್ರಭಾನ, ಉದಯಕರಣ, ಥಾನಸಿಂಹರೆಂಬ ಗೆಳೆಯರೊಡನೆ ಕೋಣೆಯ ಬಾಗಿಲು ಹಾಕಿಕೊಂಡು, ಬಟ್ಟೆ ಕಳಚಿ, ಮುನಿಗಳಾದೆವೆಂದು ಕುಣಿದುದೂ ಉಂಟು. ಜನರು ಅವನನ್ನು ಖೋಸರಾಮತಿ ಎಂದು ಹಳಿದರು. ಈ ಸ್ಥಿತಿಯು ವಿ.ಸಂ. 1692ರವರೆಗೆ (ಕ್ರಿ.ಶ. 1635) ನಡೆಯಿತು.

ಈ ಅವಧಿಯ ರಚನೆಗಳನ್ನು ಅರ್ಧಕಥಾನಕವು ಎರಡು ಕಡೆ ಪಟ್ಟಿಮಾಡುತ್ತದೆ. ಜ್ಞಾನಪಚೀಸಿ, ಧ್ಯಾನಬತ್ತೀಸಿ, ಅಧ್ಯಾತ್ಮಗೀತಗಳು, ಶಿವಮಂದಿರ ಇವು ಮೊದಲ ಪಟ್ಟಿಯಲ್ಲಿ ಬರುತ್ತವೆ. ಸೋಮಪ್ರಭರ ಸೂಕ್ತಿಮುಕ್ತಾವಳಿಯ ಭಾಷಾರೂಪ, ಅಧ್ಯಾತ್ಮಬತ್ತೀಸಿ, ಹೋಳಿಹಬ್ಬದ ಹಾಡಿನ ಧಾಟಿಯ ಫಾಗು, ಶಿವಪಚೀಸಿ, ಜಿನಸಹಸ್ರನಾಮ, ಕರ್ಮಛತ್ತೀಸಿ ಮೊದಲಾದುವು ಎರಡನೆಯದರಲ್ಲಿವೆ. ಮೊದಲ ಪಟ್ಟಿಯಲ್ಲಿ ಗೀತಗಳ ವಿಷಯ ಬಂದಾಗ, ಅವುಗಳಲ್ಲಿನ ಬಹಳಷ್ಟು ಮಾತು ವ್ಯವಹಾರವನ್ನು ಮೀರಿದುದೆಂದು ಕವಿಯು ತಾನೇ ಹೇಳುತ್ತಾನೆ. ಎರಡನೆಯ ಪಟ್ಟಿಯ ಕೊನೆಯಲ್ಲಿ, ವಿ.ಸಂ. 1692ರವರೆಗೆ ತಾನು ನಿಶ್ಚಯರಸವನ್ನೇ ಪಾನಮಾಡಿದರೂ ಕವಿತೆಯೆಲ್ಲವೂ ಸ್ಯಾದ್ವಾದಕ್ಕೆ ಪ್ರಮಾಣವಾಗಿಯೇ ನಡೆಯಿತೆನ್ನುತ್ತಾನೆ. ವ್ಯವಹಾರವನ್ನು ಮೀರಿದ ಮಾತು ಸ್ಯಾದ್ವಾದಕ್ಕೆ ಸಮ್ಮತವಾಗುವುದು ಹೇಗೆ? ಮೇಲುನೋಟಕ್ಕೆ ಇದು ಪೂರ್ವಾಪರವಿರೋಧವೇ ಸರಿ.

ವಿರೋಧಿಗಳು ಇದನ್ನು ಬಿಡಲಿಲ್ಲ. ಶ್ವೇತಾಂಬರ ಉಪಾಧ್ಯಾಯ ಮೇಘವಿಜಯರು ಇದೇ ಶತಮಾನದಲ್ಲಿ ಬನಾರಸಿಯ ಮತವನ್ನು ಖಂಡಿಸುವುದಕ್ಕಾಗಿಯೇ ಯುಕ್ತಿಪ್ರಬೋಧವನ್ನು ರಚಿಸಿದರು. ದಿಗಂಬರರಲ್ಲಿ ಮುಂದೆ ಭಟ್ಟಾರಕಪೀಠಗಳನ್ನು ಪ್ರಶ್ನಿಸಿದ ತೇರಾಪಂಥಕ್ಕೆ ಆಗ್ರಾದ ಅಧ್ಯಾತ್ಮಗೋಷ್ಠಿಯೇ ಬೀಜವೆಂದು ಎಣಿಸಲಾಯಿತು. ಶ್ರವಣಬೆಳಗೊಳ, ಮೂಡಬಿದಿರೆಗಳ ಭಟ್ಟಾರಕಪೀಠಗಳು ಇಂದಿಗೂ ಪೂಜ್ಯವಾಗಿರುವ ನಮ್ಮ ನಾಡಿನ ಓದುಗನು ಈ ಕವಿಯನ್ನು ಶಂಕೆಯಿಂದ ಸಮೀಪಿಸಿದರೆ ಅದು ಅಸಹಜವಲ್ಲ. ಆದರೆ ಶಂಕೆಯು ಪರೀಕ್ಷೆಗೆ ಪ್ರೇರಕವಾಗಬೇಕೇ ಹೊರತು ಅದರ ಸ್ಥಾನವನ್ನು ತಾನೇ ಆಕ್ರಮಿಸಬಾರದು.

5

ಪರೀಕ್ಷೆಗೆ ಬೇಕಾದ ಸೂತ್ರವು ನಮ್ಮ ನ್ಯಾಯಶಾಸ್ತ್ರದಲ್ಲಿಯೇ ಇದೆ. ಪರಸ್ಪರ ನಿರಪೇಕ್ಷವಾದ ನಯಗಳು ಮಿಥ್ಯೆ, ಸಾಪೇಕ್ಷವಾದುವು ಸಾರ್ಥಕ ಎಂಬುದು ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆಯಿಂದ ಪಂಡಿತರೆಲ್ಲರಿಗೂ ತಿಳಿದ ಸಿದ್ಧಾಂತ. ಆತ್ಮನು ಕರ್ಮದಿಂದ ಅಸ್ಪೃಷ್ಟನೆಂದು ಒಂದು ಗೀತವು ಹೇಳಿದ ಮಾತ್ರಕ್ಕೆ ಅದು ಏಕಾಂತವಾಗುವುದಿಲ್ಲ. ಹಾಗಾಗುವುದಾದರೆ ಸಮಯಸಾರದ ಎಷ್ಟೋ ಗಾಥೆಗಳ ಮೇಲೂ ಅದೇ ದೋಷ ಬರಬೇಕಾದೀತು. ಇನ್ನೊಂದು ನಯವನ್ನು ನಿಷೇಧಿಸಿದಾಗ ಮಾತ್ರ ನಯವು ದುರ್ನಯವಾಗುತ್ತದೆ. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆಯು, ಬನಾರಸಿಯ ಗೀತಗಳಲ್ಲಿ ನಿಶ್ಚಯದ ಮಾತು ಎಷ್ಟಿದೆ ಎಂಬುದಲ್ಲ. ಅದೇ ಕಾಲದಲ್ಲಿ ಅದೇ ಕವಿಯು ವ್ಯವಹಾರಕ್ಕೆ ಎಡೆ ಕೊಟ್ಟಿದ್ದಾನೆಯೇ ಎಂಬುದು.

ಇದಕ್ಕೆ ಉತ್ತರ ಪಟ್ಟಿಯಲ್ಲಿಯೇ ಇದೆ. ಶಿವಮಂದಿರವೆಂಬುದು ಪಾರ್ಶ್ವಜಿನಸ್ತುತಿಯಾದ ಕಲ್ಯಾಣಮಂದಿರ ಸ್ತೋತ್ರದ ಭಾಷಾರೂಪವೆಂದು ಗ್ರಹಿಸುವುದು ಯುಕ್ತವಾಗಿದೆ. ಶಿವ, ಕಲ್ಯಾಣ ಎಂಬ ಪದಗಳು ಪರ್ಯಾಯಗಳಷ್ಟೆ. ಜಿನಸಹಸ್ರನಾಮವು ವಿ.ಸಂ. 1690ರದು, ಸೂಕ್ತಿಮುಕ್ತಾವಳಿಯ ಅನುವಾದವು ವಿ.ಸಂ. 1691ರದು. ಎರಡೂ ಭ್ರಾಂತಿಕಾಲದ ಒಳಗಿನವು. ಒಂದು ಶುದ್ಧ ಭಕ್ತಿಯ ಕೃತಿ, ಇನ್ನೊಂದು ದಾನ, ಶೀಲ, ಪೂಜಾದಿ ಸದಾಚಾರವನ್ನು ಬೋಧಿಸುವ ಕೃತಿ. ನೈವೇದ್ಯವನ್ನು ತಿನ್ನುತ್ತಿದ್ದವನು ಜಿನೇಶ್ವರನ ಸಹಸ್ರನಾಮವನ್ನೂ ರಚಿಸುತ್ತಿದ್ದನು. ಸಾಮಾಯಿಕವನ್ನು ಬಿಟ್ಟವನು ಸದಾಚಾರದ ಸೂಕ್ತಿಗಳನ್ನು ದೇಶಭಾಷೆಗೆ ತರುತ್ತಿದ್ದನು. ದೇಹ ಬಿಟ್ಟ ವ್ಯವಹಾರವನ್ನು ಲೇಖನಿಯು ಬಿಟ್ಟಿರಲಿಲ್ಲ. ಬಿಡಿಯಾಗಿ ತೆಗೆದ ಒಂದು ಗೀತವು ವ್ಯವಹಾರವನ್ನು ಮೀರಿರಬಹುದು, ಕೃತಿಸಮೂಹವು ಮೀರಿಲ್ಲ. ಕವಿಯ ಎರಡು ಹೇಳಿಕೆಗಳಲ್ಲಿ ಮೊದಲನೆಯದು ಗೀತಗಳನ್ನು ಕುರಿತದ್ದು, ಎರಡನೆಯದು ಕವಿತೆಯ ಸಮಗ್ರತೆಯನ್ನು ಕುರಿತದ್ದು ಎಂದು ಗ್ರಹಿಸಿದರೆ ಪೂರ್ವಾಪರವಿರೋಧವು ಪರಿಹಾರವಾಗುತ್ತದೆ.

ಇದು ಕವಿಯ ಪಕ್ಷಪಾತದ ಸಮರ್ಥನೆಯಾಗಬಾರದು. ತನ್ನ ಕಾವ್ಯಕ್ಕೆ ತಾನೇ ಕೊಟ್ಟುಕೊಂಡ ಪ್ರಮಾಣಪತ್ರವು ಪ್ರಮಾಣವಾಗಲಾರದೆಂಬ ಆಕ್ಷೇಪವು ಸಹಜ. ಆದರೆ ಸಾಕ್ಷಿಯ ಯೋಗ್ಯತೆಯನ್ನೂ ವಿಚಾರಿಸಬೇಕಷ್ಟೆ. ತನ್ನ ಕಳ್ಳತನ, ರೋಗ, ಮೌಢ್ಯ, ನಗ್ನನರ್ತನಗಳನ್ನು ಒಂದನ್ನೂ ಬಿಡದೆ ಹೇಳಿ, ಗ್ರಂಥಾಂತ್ಯದಲ್ಲಿ ತನ್ನ ಗುಣಗಳ ಜೊತೆಗೆ ದೋಷಗಳನ್ನೂ ಎಣಿಸಿಕೊಟ್ಟವನು ಕವಿತೆಯ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿದನೆನ್ನಲು ಕಾರಣವಿಲ್ಲ. ಅರ್ಧಕಥಾನಕವನ್ನು ಭಾರತದ ಮೊದಲ ಆತ್ಮಚರಿತ್ರೆಯೆಂದು ಹೊಗಳುವುದು ವಾಡಿಕೆ. ಆ ಹೊಗಳಿಕೆಗಿಂತ, ಬಾಲ್ಯದಲ್ಲಿ ಭಾನುಚಂದ್ರರಿಂದ ಕಲಿತ ಪ್ರತಿಕ್ರಮಣದ ಶಿಸ್ತು ಅದರಲ್ಲಿ ಕಥನವಾಗಿ ಮರಳಿ ಬಂದಿದೆ ಎನ್ನುವುದು ಹೆಚ್ಚು ಯುಕ್ತ. ಆಲೋಚನೆಯಲ್ಲಿ ದೋಷವನ್ನು ಮುಚ್ಚುವುದು ಹೇಗೆ ತಪ್ಪೋ, ಇಲ್ಲದ ದೋಷವನ್ನು ಹೊತ್ತುಕೊಳ್ಳುವುದೂ ಹಾಗೆಯೇ ತಪ್ಪು. ನವರಸದ ಗ್ರಂಥದಲ್ಲಿ ಅಸತ್ಯವನ್ನು ಕಂಡನು, ನದಿಗೆ ಎಸೆದನು. ಗೀತಗಳಲ್ಲಿ ಅದನ್ನು ಕಾಣಲಿಲ್ಲ, ಉಳಿಸಿಕೊಂಡನು.

6

ಈ ನಿರ್ಣಯಕ್ಕೆ ಬಲವಾದ ಸಾಕ್ಷ್ಯವನ್ನು ಒದಗಿಸುವುದು ಸಮಯಸಾರನಾಟಕ. ವಿ.ಸಂ. 1692ರಲ್ಲಿ ಪಂಡಿತ ರೂಪಚಂದನು ಆಗ್ರಾಕ್ಕೆ ಬಂದು, ತಿಹುನಾ ಸಾಹುವಿನ ಮಂದಿರದಲ್ಲಿ ಇಳಿದುಕೊಂಡು, ಗೋಮ್ಮಟಸಾರವನ್ನು ವ್ಯಾಖ್ಯಾನಿಸಿದನು. ಯಾವ ಗುಣಸ್ಥಾನದಲ್ಲಿ ಯಾವ ಜ್ಞಾನ, ಯಾವ ಕ್ರಿಯೆ ಎಂಬುದನ್ನು ಕೇಳಿ ಬನಾರಸಿಯ ಸಂಶಯವು ಹರಿಯಿತು. ಮರುವರ್ಷವೇ ಸಮಯಸಾರನಾಟಕವು ಪೂರ್ಣವಾಯಿತು. ಅದರ ಕೊನೆಯಲ್ಲಿ ಕುಂದಕುಂದರ ಮೂಲದಲ್ಲಿಯಾಗಲಿ ಅಮೃತಚಂದ್ರರ ಕಲಶಗಳಲ್ಲಿಯಾಗಲಿ ಇಲ್ಲದ ಒಂದು ಅಧಿಕಾರವನ್ನು ಕವಿಯು ತಾನಾಗಿ ಸೇರಿಸಿದ್ದಾನೆ: ಅದು ಚತುರ್ದಶ ಗುಣಸ್ಥಾನಾಧಿಕಾರ. ಶ್ರಾವಕನ ಹನ್ನೊಂದು ಪ್ರತಿಮೆಗಳಿಗೂ ಅಲ್ಲಿ ಎಡೆಯಿದೆ.

ಇಲ್ಲಿ ವರ್ತಕನ ಪದ್ಧತಿ ಕಾಣುತ್ತದೆ. ಕಿರ್ದಿಯಲ್ಲಿ ಹಿಂದೆ ಬರೆದ ಜಮೆಯನ್ನು ಹೊಡೆದುಹಾಕದೆ, ಬಿಟ್ಟುಹೋಗಿದ್ದ ಬಾಬತನ್ನು ಸೇರಿಸಿ ಲೆಕ್ಕವನ್ನು ಸರಿದೂಗಿಸುವುದು ಪ್ರಾಮಾಣಿಕ ವ್ಯಾಪಾರಿಯ ಕ್ರಮ. ಬನಾರಸಿಯು ನಿಶ್ಚಯದ ಗೀತಗಳನ್ನು ತಿದ್ದಲಿಲ್ಲ, ಸಮಯಸಾರವನ್ನು ಬಿಡಲಿಲ್ಲ. ಗುಣಸ್ಥಾನವೆಂಬ ಬಿಟ್ಟುಹೋದ ಬಾಬತನ್ನು ಸೇರಿಸಿದನು. ತಪ್ಪು ಇದ್ದುದು ಬರೆದುದರಲ್ಲಿ ಅಲ್ಲ, ಬರೆದುದಷ್ಟೇ ಪೂರ್ತಿ ಲೆಕ್ಕವೆಂದು ನಂಬಿ ಅದರಂತೆ ನಡೆದುದರಲ್ಲಿ.

ಕನ್ನಡಿಗರಿಗೆ ಈ ಪ್ರಸಂಗದಲ್ಲಿ ವಿಶೇಷವಾದ ಆಸಕ್ತಿಗೆ ಕಾರಣವಿದೆ. ಆಗ್ರಾದ ವ್ಯಾಪಾರಿಯನ್ನು ದಾರಿಗೆ ತಂದ ಗೋಮ್ಮಟಸಾರವು, ಬೆಳಗೊಳದಲ್ಲಿ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗ್ರಂಥ. ಅದಕ್ಕೆ ಕೇಶವವರ್ಣಿಯು ಶಕ 1281ರಲ್ಲಿ (ಕ್ರಿ.ಶ. 1359) ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಸಂಸ್ಕೃತದ ಜೀವತತ್ತ್ವಪ್ರದೀಪಿಕೆಯು ಈ ಕನ್ನಡ ವೃತ್ತಿಯನ್ನು ಅನುಸರಿಸಿದುದೆಂಬುದನ್ನು ಡಾ. ಆ. ನೇ. ಉಪಾಧ್ಯೆಯವರು ಸಿದ್ಧಪಡಿಸಿದರು. 18ನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲನು ಢೂಂಢಾರಿ ಭಾಷೆಯಲ್ಲಿ ಬರೆದ ಗೋಮ್ಮಟಸಾರದ ವಿಸ್ತಾರವಾದ ಟೀಕೆಗೆ ಆ ಸಂಸ್ಕೃತ ಟೀಕೆಯೇ ಆಧಾರವಾಯಿತು. ದಕ್ಷಿಣದ ತಾಳೆಗರಿಯಿಂದ ಉತ್ತರದ ಕಾಗದಪ್ರತಿಗೆ ಹರಿದ ಈ ಜ್ಞಾನಪ್ರವಾಹವನ್ನು ನೆನೆದರೆ, ಬನಾರಸಿಯು ನಮಗೆ ಕೇವಲ ಪರದೇಶದ ಕವಿಯಾಗಿ ಉಳಿಯುವುದಿಲ್ಲ.

7

ಕೊನೆಯದಾಗಿ ಪಾಠಸಂಬಂಧವಾದ ಒಂದು ಮಾತು. ಬನಾರಸಿಯ ಬಿಡಿ ರಚನೆಗಳನ್ನು ಆಗ್ರಾದ ಜಗಜೀವನನು ವಿ.ಸಂ. 1701ರಲ್ಲಿ (ಕ್ರಿ.ಶ. 1644) ಬನಾರಸೀವಿಲಾಸವೆಂಬ ಹೆಸರಿನಿಂದ ಸಂಗ್ರಹಿಸಿದನು. ಈ ಸಂಗ್ರಹವು ರಚನಾಕಾಲದ ಕ್ರಮವನ್ನು ಅನುಸರಿಸಿಲ್ಲ. ಜಿನಸಹಸ್ರನಾಮ, ಸೂಕ್ತಿಮುಕ್ತಾವಳಿ, ಮಾರ್ಗಣಾವಿಧಾನ, ಕರ್ಮಪ್ರಕೃತಿವಿಧಾನ, ಕಲ್ಯಾಣಮಂದಿರಗಳ ಜೊತೆಯಲ್ಲಿಯೇ ರಾಗನಿರ್ದೇಶವುಳ್ಳ ಅಧ್ಯಾತ್ಮಪದಗಳೂ ಅದರಲ್ಲಿ ಸೇರಿವೆ. ಸ್ತುತಿ, ಸದಾಚಾರ, ಕರ್ಮಸಿದ್ಧಾಂತಗಳ ಸನ್ನಿಧಿಯಲ್ಲಿ ನಿಶ್ಚಯದ ಗೀತವನ್ನು ಇಡುವ ಈ ಜೋಡಣೆಯೇ ಒಂದು ಬಗೆಯ ವ್ಯಾಖ್ಯಾನವಾಗಿದೆ. ಆದರೆ ಪದಗಳು ಅಲ್ಲಿಯೇ ನಿಲ್ಲಲಿಲ್ಲ. ಉತ್ತರದ ಶಾಸ್ತ್ರಭಂಡಾರಗಳ ಗುಟಕೆಗಳಲ್ಲಿಯೂ, ಅನಂತರ ಮುದ್ರಿತ ಪದಸಂಗ್ರಹಗಳಲ್ಲಿಯೂ ಅವು ಸಂದರ್ಭದಿಂದ ಬೇರೆಯಾಗಿ ಸಂಚರಿಸಿದುವು. ಸಾಪೇಕ್ಷವಾಗಿದ್ದ ನಯವು ಹೀಗೆ ಲಿಪಿಕಾರನ ಕೈಯಲ್ಲಿ ನಿರಪೇಕ್ಷವಾಗುವ ಸಂಭವವಿದೆ. ಅದರ ದೋಷವನ್ನು ಕವಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಇದೇ ಕಾರಣದಿಂದ, ಅರ್ಥವನ್ನು ಮಾತ್ರ ನೋಡಿ, ಈ ಪದವು ಗೋಮ್ಮಟಸಾರಶ್ರವಣಕ್ಕಿಂತ ಹಿಂದಿನದು, ಇದು ಮುಂದಿನದು ಎಂದು ವಿಂಗಡಿಸುವ ಪ್ರಯತ್ನವನ್ನು ಒಪ್ಪಲಾಗುವುದಿಲ್ಲ. ನಿಶ್ಚಯವಿದ್ದುದು ಮೊದಲಿನದೆಂದು ಭಾವಿಸಿ, ಮೊದಲಿನದಾದುದರಿಂದ ಏಕಾಂತವೆಂದು ತೀರ್ಮಾನಿಸುವುದು ಅನ್ಯೋನ್ಯಾಶ್ರಯದೋಷ. ಅರ್ಧಕಥಾನಕವನ್ನು 1943ರಲ್ಲಿ ನಾಥೂರಾಮ ಪ್ರೇಮಿಯವರೂ, ಅದೇ ವರ್ಷ ಮಾತಾಪ್ರಸಾದ ಗುಪ್ತರೂ ಸಂಪಾದಿಸಿ ಪ್ರಕಟಿಸಿದರು. 1981ರಲ್ಲಿ ಮುಕುಂದ ಲಾಠರ ಇಂಗ್ಲಿಷ್ ಅನುವಾದವೂ ಅಧ್ಯಯನವೂ ಜಯಪುರದಿಂದ ಬಂದುವು. ಆತ್ಮವೃತ್ತಾಂತಕ್ಕೆ ದೊರೆತ ಈ ಬಗೆಯ ಶ್ರಮವು ಗೀತಗಳಿಗೂ ದೊರೆಯಬೇಕು. ಪ್ರತಿಯೊಂದು ಪದವೂ ಯಾವ ಯಾವ ಪ್ರತಿಗಳಲ್ಲಿ, ಯಾವ ಕೃತಿಗಳ ನಡುವೆ ದೊರೆಯುತ್ತದೆಂಬುದನ್ನು ಪಾಠಾಂತರಗಳೊಡನೆ ನಮೂದಿಸುವ ಸಂಪಾದನೆಯು ಇಲ್ಲಿ ಅವಶ್ಯ.

ಮನುಷ್ಯಾಯುಷ್ಯವು ನೂರಹತ್ತು ವರ್ಷವೆಂದು ಎಣಿಸಿ, ಐವತ್ತೈದಕ್ಕೆ ತನ್ನ ಕಥೆಯನ್ನು ಅರ್ಧವೆಂದು ಕರೆದ ಬನಾರಸೀದಾಸನು ಅದನ್ನು ಬರೆದ ಮೇಲೆ ಹೆಚ್ಚು ಕಾಲ ಬದುಕಲಿಲ್ಲ. ಉಳಿದ ಅರ್ಧಕ್ಕೆ ಲೆಕ್ಕ ಬರೆಯುವ ಭಾಗ್ಯ ಅವನಿಗಿರಲಿಲ್ಲ. ಆದರೆ ಬರೆದ ಅರ್ಧದಲ್ಲಿ ಯಾವುದನ್ನು ನದಿಗೆ ಕೊಡಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಅವನು ಒಂದೇ ತಕ್ಕಡಿಯಲ್ಲಿ ತೂಗಿ ನಿರ್ಧರಿಸಿದ್ದನು. ಆ ತೂಕವು ಸರಿಯೆಂದೇ ನಮ್ಮ ಪರಿಶೀಲನೆಯಿಂದ ತೋರುತ್ತದೆ. ಪ್ರಾಜ್ಞರು ಈ ವಿಷಯವನ್ನು ಇನ್ನೂ ವಿಚಾರಿಸಿ, ದೋಷವಿದ್ದರೆ ತಿದ್ದಬೇಕಾಗಿ ವಿಜ್ಞಾಪನೆ.